ಕಿತ್ತಳೆಯ ಸಿಪ್ಪೆ, ಹಬ್ಬದ ಬಿಸ್ಕತ್ತು

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಈ ನಾಲ್ಕು ಊರುಗಳ ಹಬ್ಬದ ಅಡುಗೆಯನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಎಣ್ಣೆಯ ಬಾಣಲೆ. ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ, ನಿಪ್ಪಟ್ಟು ಎಲ್ಲವೂ ಅದರಲ್ಲಿಯೇ ಹುಟ್ಟಬೇಕು. ಒಬ್ಬಟ್ಟು ಕಾವಲಿಯ ಮೇಲೆ, ಕಡುಬು ಹಬೆಯಲ್ಲಿ. ಮುಚ್ಚಿದ ಗೂಡಿನೊಳಗೆ ಒಣಶಾಖ ಸುತ್ತಲಿಂದ ಕವಿದು ಹಿಟ್ಟನ್ನು ಬೇಯಿಸುವ ವಿಧಾನಕ್ಕೆ ಈ ಪಟ್ಟಿಯಲ್ಲಿ ಸ್ಥಳವಿಲ್ಲ. ರಾಗಿಯ ಸೀಮೆ ಇದು. ಮೈದಾಹಿಟ್ಟು ಇಲ್ಲಿಗೆ ತಡವಾಗಿ ಬಂದ ನೆಂಟ. ಹಾಗಿದ್ದೂ ಡಿಸೆಂಬರಿನ ಚಳಿಯಲ್ಲಿ ಇಲ್ಲಿನ ಕೆಲವು ಮನೆಗಳಿಂದ ಕಿತ್ತಳೆಯ ಸಿಪ್ಪೆ ಬೆರೆತ ಬಿಸ್ಕತ್ತಿನ ಪರಿಮಳ ಬೀದಿಗೆ ಬರುತ್ತಿತ್ತು. ಅದು ಹೇಗೆ ಬಂತು, ಯಾರ ಮನೆಗೆ ಬಂತು, ಅಲ್ಲಿಂದ ಹೊರಟು ಯಾರ ಹೊಸಿಲಿನಲ್ಲಿ ತಡೆದು ನಿಂತಿತು ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಒಣಶಾಖದ ಬೇಕರಿ ವಿದ್ಯೆ ಇಂಗ್ಲಿಷರು ಕೊಟ್ಟದ್ದು ಎಂದು ಹೇಳುವುದು ವಾಡಿಕೆ. ಅರ್ಧ ನಿಜ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ದಲ್ಲಿ ಮುಚ್ಚಳ ರೊಟ್ಟಿಯೆಂಬುದೊಂದಿದೆ. ರೊಟ್ಟಿಯ ಪಾತ್ರೆಗೆ ಮುಚ್ಚಳವಿಟ್ಟು, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಬಿಸ್ಕತ್ತಿಗೆ ಬೇಕಾದದ್ದು ತತ್ತ್ವತಃ ಇಷ್ಟೇ. ಕನ್ನಡ ಅಡುಗೆಮನೆಗೆ ಈ ಉಪಾಯ ತಿಳಿದಿತ್ತು. ನಡುವೆ ಎಲ್ಲಿಯೋ ಅದನ್ನು ಬಳಸುವ ಕಾರಣ ತಪ್ಪಿಹೋಗಿರಬೇಕು. ನಾಲ್ಕು ನೂರು ವರ್ಷಗಳ ಬಳಿಕ ಚಿಕ್ಕಬಳ್ಳಾಪುರದ ಗೃಹಿಣಿಯೊಬ್ಬಳು ಹಿತ್ತಾಳೆಯ ಪಾತ್ರೆಯಲ್ಲಿ ಮರಳು ಹರಡಿ, ಅದರ ಮೇಲೆ ಬಿಸ್ಕತ್ತಿನ ತಟ್ಟೆಯಿಟ್ಟು, ಮುಚ್ಚಳದ ಮೇಲೆ ಕೆಂಡ ಸುರಿದಾಗ, ತಾನು ಮಂಗರಸನ ಮಾತನ್ನು ನಡೆಸುತ್ತಿದ್ದೇನೆಂದು ಆಕೆಗೆ ತಿಳಿದಿರಲಿಲ್ಲ. ಆಕೆ ಅದನ್ನು ಕಲಿತದ್ದು ಮಿಷನ್ನಿನ ದೊರೆಸಾನಿಯಿಂದ.

ಹಣ್ಣಿನ ಕಥೆ ಇದಕ್ಕೆ ವಿರುದ್ಧವಾದುದು. ಅದು ಇಲ್ಲಿಂದ ಹೊರಗೆ ಹೋಗಿ ಹಿಂದಿರುಗಿದ್ದು. ನಿಂಬೆ, ಕಿತ್ತಳೆಗಳ ಕುಲದ ಮೂಲಸ್ಥಾನ ಅಸ್ಸಾಮು, ಬರ್ಮಾ, ಯುನ್ನಾನುಗಳಿಗೆ ಹೊಂದಿಕೊಂಡ ಹಿಮಾಲಯದ ತಪ್ಪಲು ಎಂದು 2018ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನ ಹೇಳುತ್ತದೆ. ಮಾದಲ, ಚಕ್ಕೋತ, ಸಣ್ಣ ಕಿತ್ತಳೆ, ಇವು ಹಿರಿಯ ತಲೆಗಳು; ನಮ್ಮ ಇಂದಿನ ಹುಳಿಹಣ್ಣುಗಳಲ್ಲಿ ಬಹುಪಾಲು ಇವುಗಳ ಕೂಡುವಳಿಯಿಂದ ಬಂದ ಮಕ್ಕಳು, ಮೊಮ್ಮಕ್ಕಳು. ಸಂಸ್ಕೃತದ ‘ನಾರಂಗ’ ಪಾರಸಿಯಲ್ಲಿ ನಾರಂಗ್ ಆಗಿ, ಅರಬ್ಬಿಯಲ್ಲಿ ನಾರಂಜ್ ಆಗಿ, ಸ್ಪೇನಿನ ನಾರಂಹ ಆಗಿ, ಕಡೆಗೆ ಇಂಗ್ಲಿಷಿನಲ್ಲಿ ತಲೆಯ ನಕಾರವನ್ನು ಕಳೆದುಕೊಂಡು ಆರೆಂಜ್ ಆಯಿತು. ಗೌರಿಬಿದನೂರಿನ ಸಂತೆಯಲ್ಲಿ ತೆಲುಗು ಮಾತನಾಡುವ ಮುದುಕಿ ‘ನಾರಿಂಜ’ ಎಂದರೆ ಆ ನಕಾರ ಇನ್ನೂ ಅಲ್ಲಿಯೇ ಇದೆ. ನಮ್ಮ ಸೀಮೆಯ ಮನೆಗಳಲ್ಲಿ ಕನ್ನಡದ ಕಿತ್ತಳೆ, ತೆಲುಗಿನ ಕಮಲಾಪಂಡು, ಉರ್ದುವಿನ ಸಂತ್ರ ಮೂರೂ ಒಂದೇ ಬುಟ್ಟಿಯಲ್ಲಿರುತ್ತವೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿನ ಹಾದಿಯಲ್ಲಿ ಸಿಗುವ ದೇವನಹಳ್ಳಿಯಂತೂ ಚಕ್ಕೋತಕ್ಕೇ ಹೆಸರಾದ ಊರು.

ಇಷ್ಟು ಹಣ್ಣುಗಳ ಸಿಪ್ಪೆಯನ್ನು ನಮ್ಮವರು ಏನು ಮಾಡುತ್ತಿದ್ದರು? ಬಿಸಾಡುತ್ತಿರಲಿಲ್ಲ. ಕಿತ್ತಳೆಯ ಸಿಪ್ಪೆಯನ್ನು ಹೆಚ್ಚಿ ಹುಣಿಸೆಹುಳಿ, ಬೆಲ್ಲ, ಮೆಣಸಿನಕಾಯಿಗಳಲ್ಲಿ ಕುದಿಸಿದರೆ ಗೊಜ್ಜು. ಒಣಗಿಸಿ ಕುಟ್ಟಿದರೆ ಸ್ನಾನದ ಕಡಲೆಹಿಟ್ಟಿಗೆ ಬೆರೆಸುವ ಪುಡಿ. ಹೇರಳೆಕಾಯಿಯಾದರೆ ಇಡಿಯಾಗಿ ಉಪ್ಪಿನಕಾಯಿಯ ಜಾಡಿಗೆ. ಸಿಪ್ಪೆಯ ಕಹಿಯನ್ನು ಖಾರದಿಂದಲೂ ಬೆಲ್ಲದಿಂದಲೂ ಪಳಗಿಸುವುದು ನಮ್ಮ ದಾರಿ. ಅದರ ಪರಿಮಳವನ್ನಷ್ಟೇ ಬೇರ್ಪಡಿಸಿ ಸಿಹಿಗೆ ಸೇರಿಸುವುದು ನಮಗೆ ತೋಚಲಿಲ್ಲ. ಸಿಹಿಗೆ ಏಲಕ್ಕಿ ಇತ್ತು, ಪಚ್ಚಕರ್ಪೂರವಿತ್ತು, ಇನ್ನೊಂದು ಬೇಕಾಗಿರಲಿಲ್ಲ.

ಇನ್ನು ಬಿಸ್ಕತ್ತು ಬಂದ ದಾರಿ. ಬರ್ಮಾದಲ್ಲಿ ಕೆಲಸ ಕಲಿತ ಮಾಂಬಳ್ಳಿ ಬಾಪು ತಲಶ್ಶೇರಿಯಲ್ಲಿ 1880ರಲ್ಲಿ ಬಿಸ್ಕತ್ತಿನ ಕಾರ್ಖಾನೆ ತೆರೆದದ್ದು, 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆಗಾಗಿ ಕ್ರಿಸ್ಮಸ್ ಕೇಕ್ ಮಾಡಿಕೊಟ್ಟದ್ದು ಹಲವರು ಬಲ್ಲ ಸಂಗತಿ. 1898ರಲ್ಲಿ ಹಾಸನದ ಕಡೆಯ ಎಚ್. ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು. ಅಯ್ಯಂಗಾರ್ ಬೇಕರಿಗಳ ವಂಶ ಅಲ್ಲಿಂದ ಬೆಳೆಯಿತು. ನಮಗೆ ಇವೆರಡಕ್ಕಿಂತಲೂ ಹತ್ತಿರದ್ದು ಕೋಲಾರದ ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಅಲ್ಲಿ ಕಾಲೂರಿದ ಮೇಲೆ ಇಂಗ್ಲಿಷರು, ಆಂಗ್ಲೋ ಇಂಡಿಯನ್ನರು, ತಮಿಳು ಕ್ರೈಸ್ತರು ಸೇರಿ ಒಂದು ಊರೇ ಎದ್ದಿತು, ಅವರ ಕ್ರಿಸ್ಮಸ್ಸೂ ಎದ್ದಿತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ನಮ್ಮ ನಾಲ್ಕೂ ಊರುಗಳು ಆ ಕೋಲಾರ ಜಿಲ್ಲೆಯವೇ. 1910ರ ದಶಕದಲ್ಲಿ ಬಂಗಾರಪೇಟೆ, ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಕೂಡಿಸಿದ ಎರಡೂವರೆ ಅಡಿ ಅಗಲದ ಕಿರುಹಳಿಯ ರೈಲು ಬಂತು. ಮೈದಾಮೂಟೆಗೂ ತಗಡಿನ ಡಬ್ಬಕ್ಕೂ ಅದು ರಾಜಮಾರ್ಗವಾಯಿತು. ಗೌರಿಬಿದನೂರಿನವರಿಗೆ ಹಿಂದೂಪುರದ ಕಡೆಯ ರೈಲು ಮೊದಲೇ ಇತ್ತು.

ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರು ನೆಲೆಯೂರಿ ಕಟ್ಟಿದ ವಾರ್ಡ್ಲಾ ಥಾಂಪ್ಸನ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆದರು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡ ಮೇಲೆ ಅದು ಸಿ.ಎಸ್.ಐ. ಆಸ್ಪತ್ರೆಯಾಯಿತು. ಅಲ್ಲಿನ ದಾದಿಯರು, ಕಾಂಪೌಂಡರುಗಳು, ಶಾಲೆಯ ಉಪಾಧ್ಯಾಯರು, ಇವರ ಮನೆಗಳಲ್ಲಿಯೇ ನಾನು ಹೇಳುವ ಬಿಸ್ಕತ್ತು ಬೇರೂರಿದ್ದು. ಇವರಲ್ಲಿ ಹಲವರ ಅಜ್ಜಂದಿರ ಕೈಯಿಂದ ನೀರು ಮುಟ್ಟಲೂ ಊರಿನ ಮೇಲಿನ ಬೀದಿಗಳು ಒಪ್ಪುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅದೇ ಕೈ ನಾಡಿ ಹಿಡಿಯಬಹುದು, ಔಷಧ ಕುಡಿಸಬಹುದು, ಮಗುವನ್ನು ಹೆರಿಗೆ ಮಾಡಿಸಬಹುದು; ಮನೆಗೆ ತಂದ ತಿಂಡಿಯ ತಟ್ಟೆ ಮಾತ್ರ ಹೊಸಿಲು ದಾಟಬಾರದು. ಈ ನ್ಯಾಯದ ಒಳಗುಟ್ಟನ್ನು ಅರಿಯಲು ನಾನು ಬಹಳ ಕಾಲ ಯೋಚಿಸಿದ್ದೇನೆ, ಇದುವರೆಗೆ ಹೊಳೆದಿಲ್ಲ.

ಮಡಿವಂತರ ಮನೆಯಲ್ಲಿ ಹಣ್ಣನ್ನು ಯಾರಿಂದಲಾದರೂ ತೆಗೆದುಕೊಳ್ಳಬಹುದು, ಬೆಂದದ್ದನ್ನು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಕ್ರಿಸ್ಮಸ್ಸಿಗೆ ಮಿಷನ್ನಿನ ಮನೆಗಳಿಂದ ಇಂಥವರಿಗೆ ಬಾಳೆಹಣ್ಣು, ಕಿತ್ತಳೆಹಣ್ಣು, ಸಕ್ಕರೆ ಹೋಗುತ್ತಿತ್ತು. ಕಿತ್ತಳೆ ಹಣ್ಣಾಗಿಯೇ ಹೋದರೆ ಸ್ವಾಗತ, ಅದರ ಸಿಪ್ಪೆ ಬಿಸ್ಕತ್ತಾಗಿ ಹೋದರೆ ಬಾಗಿಲಲ್ಲಿ ವಿಚಾರಣೆ. ಬಿಸ್ಕತ್ತಿನ ಮೇಲೆ ಇನ್ನೊಂದು ಆರೋಪವೂ ಇತ್ತು: ಮೊಟ್ಟೆ. ಬೇಕರಿಯ ರೊಟ್ಟಿಯ ಹಿಟ್ಟನ್ನು ಹೆಂಡದಿಂದ ಹುದುಗಿಸುತ್ತಾರೆ, ಕಾಲಿನಿಂದ ತುಳಿಯುತ್ತಾರೆ ಎಂಬ ಮಾತುಗಳನ್ನು ನಾನೇ ಬಾಲ್ಯದಲ್ಲಿ ಕೇಳಿದ್ದೇನೆ. ಅಯ್ಯಂಗಾರ್ ಬೇಕರಿ ಗೆದ್ದದ್ದು ರುಚಿಯಿಂದ ಎಷ್ಟೋ, ಫಲಕದ ಮೇಲಿನ ಆ ಒಂದು ಹೆಸರಿನಿಂದಲೂ ಅಷ್ಟೇ.

ನಮ್ಮ ಬೀದಿಯ ತುದಿಯಲ್ಲಿದ್ದ ದಾದಿಯೊಬ್ಬರನ್ನು ನಾವೆಲ್ಲ ಸಿಸ್ಟರಮ್ಮ ಎನ್ನುತ್ತಿದ್ದೆವು. 1960ರ ದಶಕದ ಮಾತು. ಅವರು ಡಿಸೆಂಬರಿನಲ್ಲಿ ಎರಡು ಡಬ್ಬ ಬಿಸ್ಕತ್ತು ಮಾಡುತ್ತಿದ್ದರು. ಒಂದು ಮೊಟ್ಟೆ ಹಾಕಿದ್ದು, ಬಂಧುಗಳಿಗೆ. ಇನ್ನೊಂದು ಮೊಟ್ಟೆಯಿಲ್ಲದ್ದು, ಬೀದಿಗೆ. ಬೀದಿಯ ಡಬ್ಬದಲ್ಲಿ ಮೊಟ್ಟೆಯ ಕೆಲಸವನ್ನು ಕಿತ್ತಳೆಯ ರಸ ಮಾಡುತ್ತಿತ್ತು. ಅಡುಗೆಸೋಡದ ಮೇಲೆ ಹುಳಿ ಬಿದ್ದೊಡನೆ ಅನಿಲ ಹುಟ್ಟಿ ಹಿಟ್ಟು ಉಸಿರಾಡುತ್ತದೆ. ಆ ಉಸಿರು ಆರುವ ಮೊದಲೇ ಕೆಂಡದ ನಡುವೆ ಇಡಬೇಕು. ಸೋಡ ಒಂದು ಚಿಟಿಕೆ ಹೆಚ್ಚಾದರೂ ಬಿಸ್ಕತ್ತು ಸಾಬೂನಿನ ರುಚಿಯಾಗುತ್ತದೆ. ನೆರೆಯವರ ಆಚಾರಕ್ಕೆ ಮನ್ನಣೆಯಿತ್ತು ಒಬ್ಬಾಕೆ ತನ್ನ ಹಬ್ಬದ ತಿಂಡಿಯನ್ನೇ ಬದಲಾಯಿಸಿದ್ದು ಸಣ್ಣ ಸಂಗತಿಯಲ್ಲ. ಆ ನೆರೆಯವರಲ್ಲಿ ಅರ್ಧ ಜನ ಅದನ್ನು ಮಕ್ಕಳಿಗೆ ಜಗಲಿಯಲ್ಲಿ ತಿನ್ನಿಸಿ, ಬಾಯಿ ತೊಳೆಸಿ, ಒಳಗೆ ಬಿಟ್ಟುಕೊಳ್ಳುತ್ತಿದ್ದರು ಎಂಬುದನ್ನೂ ಜೊತೆಗೇ ಹೇಳಬೇಕು. ನಮ್ಮ ಮನೆಯೂ ಆ ಅರ್ಧದಲ್ಲಿಯೇ ಇತ್ತು.

ನನ್ನ ಅಜ್ಜಿ ಸ್ನಾನದ ಪುಡಿಗೆಂದು ಕಿತ್ತಳೆಯ ಸಿಪ್ಪೆ ಕೂಡಿಡುತ್ತಿದ್ದವರು. ಒಂದು ವರ್ಷ ಸಿಸ್ಟರಮ್ಮ ಬಾಗಿಲಲ್ಲಿ ನಿಂತು, “ಅಜ್ಜಮ್ಮ, ಈ ಸಲ ಹಣ್ಣು ತುಟ್ಟಿ. ನಿಮ್ಮ ಮನೆಯ ಹಸಿ ಸಿಪ್ಪೆ ಇದ್ದರೆ ಕೊಡ್ತೀರಾ? ಸಕ್ಕರೆಪಾಕದಲ್ಲಿ ಹಾಕ್ತೀನಿ” ಎಂದರು. ಅಜ್ಜಿ ಮೊರದ ತುಂಬ ಕೊಟ್ಟರು. ಬಿಸ್ಕತ್ತು ಬಂದ ದಿನ ಜಗಲಿಯಲ್ಲಿ ಕುಳಿತು ಬಹಳ ಹೊತ್ತು ತಟ್ಟೆಯನ್ನು ನೋಡಿದರು. ಆಮೇಲೆ, “ಸಿಪ್ಪೆ ನಮ್ಮದೇ ಅಲ್ಲವೇನೋ” ಎಂದು ನನ್ನನ್ನು ಕೇಳಿ, ನಾನು ಹೌದೆನ್ನುವ ಮೊದಲೇ ಒಂದನ್ನು ಬಾಯಿಗೆ ಹಾಕಿಕೊಂಡರು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಸಂಕ್ರಾಂತಿಯ ಎಳ್ಳುಬೆಲ್ಲದ ತನಕ ಅದು ನಮ್ಮ ಮನೆಯಲ್ಲಿಯೇ ಉಳಿಯಿತು. ಧರ್ಮಶಾಸ್ತ್ರ ಬಲ್ಲವರು ಅಜ್ಜಿಯ ತರ್ಕವನ್ನು ಒಪ್ಪಲಾರರು. ಮೈದಾ ಯಾರದು, ಬೆಂಕಿ ಯಾರದು ಎಂದು ಅವರು ಕೇಳಬಹುದು. ನಾವು ಕೇಳಲಿಲ್ಲ.

ಆ ಬಿಸ್ಕತ್ತಿನ ಪಾಕವನ್ನು ಹೇಳದೆ ಹೋದರೆ ಓದುಗರಲ್ಲಿ ಕೆಲವರು ಬೇಸರಪಟ್ಟಾರು. ಎರಡು ಪಾಲು ಮೈದಾ, ಒಂದು ಪಾಲು ಪುಡಿಸಕ್ಕರೆ, ಒಂದು ಪಾಲು ಬೆಣ್ಣೆ. 1937ರಲ್ಲಿ ಡಾಲ್ಡಾ ಪೇಟೆಗೆ ಬಂದ ಮೇಲೆ ಬೆಣ್ಣೆಯ ಬದಲು ಅದನ್ನು ಬಳಸಿದ ಮನೆಗಳೇ ಹೆಚ್ಚು. ಗುಟ್ಟು ಇರುವುದು ಸಿಪ್ಪೆಯಲ್ಲಿ. ಪರಿಮಳದ ಎಣ್ಣೆ ಹೊರಗಿನ ಬಣ್ಣದ ಪದರದ ಸಣ್ಣ ಚೀಲಗಳಲ್ಲಿದೆ. ಒಳಗಿನ ಬಿಳಿಯ ಭಾಗದಲ್ಲಿರುವುದು ಕಹಿ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲವಾದ್ದರಿಂದ ಸುಲಿದ ಮೇಲೆ ತುರಿಯುವುದು ಕಷ್ಟ. ಸಿಸ್ಟರಮ್ಮ ಸುಲಿಯದ ಹಣ್ಣಿನ ಮೈಗೆ ಕಲ್ಲುಸಕ್ಕರೆಯ ದೊಡ್ಡ ಹರಳನ್ನು ತಿಕ್ಕುತ್ತಿದ್ದರು. ಹರಳು ಹಳದಿಯಾಗಿ ತೇವಗೊಂಡಾಗ ಅದನ್ನು ಕುಟ್ಟಿ ಬೆಣ್ಣೆಗೆ ಕಲಸುವುದು. ಇದರಲ್ಲಿ ವಿಜ್ಞಾನವಿದೆ: ಈ ಎಣ್ಣೆಯ ಮುಖ್ಯಾಂಶವಾದ ಲಿಮೊನೀನ್ ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಬಿಸ್ಕತ್ತಿನ ಗೂಡಿನ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಜಿಡ್ಡಿನಲ್ಲಿ ಕರಗಿ ಅಡಗಿದ ಪರಿಮಳ ಉಳಿಯುತ್ತದೆ. ಹಾಗಲ್ಲದ್ದು ಬೀದಿಗೆ ಹೋಗುತ್ತದೆ. ನಾವು ಮಕ್ಕಳು ಬೀದಿಯಲ್ಲಿ ಮೂಗರಳಿಸಿ ಅನುಭವಿಸುತ್ತಿದ್ದುದು ಈ ನಷ್ಟದ ಬಾಬನ್ನು. ಸಿಪ್ಪೆಯನ್ನು ಮೂರು ನೀರಿನಲ್ಲಿ ಕುದಿಸಿ ಕಹಿ ಕಳೆದು, ಸಕ್ಕರೆಪಾಕದಲ್ಲಿ ಬೇಯಿಸಿ, ಒಣಗಿಸಿ, ಸಣ್ಣಗೆ ಹೆಚ್ಚಿ ಸೇರಿಸುವುದು ಇನ್ನೊಂದು ಕ್ರಮ. ಅಜ್ಜಿಯ ಮೊರದ ಸಿಪ್ಪೆ ಹೋದದ್ದು ಈ ದಾರಿಯಲ್ಲಿ.

ಮುಂದೆ ಮುಚ್ಚಳದಲ್ಲಿ ಗಾಜಿನ ಕಿಂಡಿಯಿದ್ದ ಅಲ್ಯುಮಿನಿಯಮ್ಮಿನ ದುಂಡು ವಿದ್ಯುತ್ ಒಲೆ ಬಂತು. ಗೃಹಿಣಿಯರು ಕೆಂಡದಿಂದ ಪಾರಾದರು; ವಿದ್ಯುತ್ತಿನ ದಯೆಗೆ ಬಿದ್ದರು. ಜೊತೆಯಲ್ಲಿಯೇ ಕಿತ್ತಳೆ ಎಸೆನ್ಸಿನ ಸಣ್ಣ ಸೀಸೆಯೂ ಬಂತು. ಎರಡು ತೊಟ್ಟು ಬಿಟ್ಟರೆ ಆಯಿತು, ಹಣ್ಣೇ ಬೇಡ. ಕಾರ್ಖಾನೆಯ ಕ್ರೀಮ್ ಬಿಸ್ಕತ್ತಿನಲ್ಲಿರುವ ಕಿತ್ತಳೆ ಆ ಸೀಸೆಯ ಬಂಧು. ಅದರ ರುಚಿಗೆ ಒಗ್ಗಿದ ಮಕ್ಕಳು ನಿಜವಾದ ಸಿಪ್ಪೆಯ ಬಿಸ್ಕತ್ತು ಕೊಟ್ಟರೆ ಕಹಿಯೆನ್ನುತ್ತಾರೆ. ಅದು ಅವರ ತಪ್ಪಲ್ಲ.

ಶಿಡ್ಲಘಟ್ಟದ್ದು ಬೇರೆ ಕಥೆ. ಟೀಪುವಿನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆ ಇಲ್ಲಿ ಊರಿನ ಉಸಿರಾಗಿದೆ. ನೂಲು ಬಿಚ್ಚುವ ಬೀದಿಗಳಲ್ಲಿ ಬೆಂದ ಗೂಡಿನ ವಾಸನೆ ಗೋಡೆಗಳಿಗೇ ಹತ್ತಿಕೊಂಡಿರುತ್ತದೆ. ಅಲ್ಲಿನ ಮುಸಲ್ಮಾನರ ಮನೆಗಳ ರಂಜಾನಿನ ಬಿಸ್ಕತ್ತು ನಾನ್‌ಖಟಾಯಿ. ಸೂರತ್ತಿನಲ್ಲಿ ಡಚ್ಚರ ಬೇಕರಿಯಿಂದ ಪಾರಸಿಗಳ ಕೈಗೆ ಬಂದದ್ದೆಂದು ಅದರ ಕಥೆ ಹೇಳುತ್ತಾರೆ. ಮೊಟ್ಟೆಯ ಪ್ರಶ್ನೆ ಅದಕ್ಕಿಲ್ಲ. ಪರಿಮಳಕ್ಕೆ ಏಲಕ್ಕಿ, ಕೆಲವರು ನಿಂಬೆಯ ಸಿಪ್ಪೆಯನ್ನೂ ತುರಿದು ಹಾಕುತ್ತಾರೆ. ಮನೆಯಲ್ಲಿ ಗೂಡೊಲೆ ಇಲ್ಲದವರು ಹಿಟ್ಟನ್ನು ಕಲಸಿಕೊಂಡು ಬೇಕರಿಗೇ ಹೋಗುವುದು ರೂಢಿ. ಸೌದೆ ಉರಿಸುವ ಇಟ್ಟಿಗೆಗೂಡು ಬ್ರೆಡ್ಡಿನ ಕೆಲಸ ಮುಗಿದ ಮೇಲೂ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಆ ಉಳಿದ ಶಾಖ ಬಿಸ್ಕತ್ತಿಗೆ ಹೇಳಿಮಾಡಿಸಿದ್ದು. ರಾತ್ರಿ ಹತ್ತು ಗಂಟೆಗೆ ಬೇಕರಿಯ ಮುಂದೆ ಹುಡುಗರು ತಲೆಯ ಮೇಲೆ ತಟ್ಟೆ ಹೊತ್ತು ಸಾಲಾಗಿ ನಿಂತಿದ್ದುದನ್ನು ನಾನು ಕಂಡಿದ್ದೇನೆ. ಎಲ್ಲರ ಬಿಸ್ಕತ್ತೂ ಒಂದೇ ಆಕಾರದ್ದು, ಗೂಡಿನೊಳಗೆ ಅದಲುಬದಲಾಗುವ ಭಯ. ಅದಕ್ಕೆ ಒಂದು ಮನೆಯವರು ಪ್ರತಿಯೊಂದರ ನಡುವೆ ಲವಂಗ ಚುಚ್ಚಿದ್ದರು, ಇನ್ನೊಂದು ಮನೆಯವರು ಬೆರಳಿನಿಂದ ಒತ್ತಿದ್ದರು, ಮತ್ತೊಬ್ಬರು ಬೀಗದ ಕೈಯ ಗುರುತು ಹಾಕಿದ್ದರು.