ಖಾಲಿ ಜಾಗದ ಲೆಕ್ಕ

ಹೋದ ವರ್ಷ ಶಾಸನಗಳಲ್ಲಿ ಬರುವ ಊರುಗಳ ಪಟ್ಟಿ ಮಾಡುತ್ತಿದ್ದೆ. ಯಾವ ಊರು ಎಷ್ಟು ಸಲ ಬಂದಿದೆ ಎಂದು ಎಣಿಸಲು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದೆ. ಓಡಿಸಿ ನೋಡಿದರೆ ಬೇಲೂರು ಎರಡು ಕಡೆ ಇತ್ತು, ಎರಡಕ್ಕೂ ಬೇರೆ ಬೇರೆ ಲೆಕ್ಕ. ಅಕ್ಷರಕ್ಕೆ ಅಕ್ಷರ ಹೋಲಿಸಿದೆ, ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಕರ್ಸರನ್ನು ಪದದ ಅಂಚಿಗೆ ಒಯ್ದಾಗ, ಒಂದು ಬೇಲೂರಿನ ಮುಂದೆ ಅದು ಒಂದು ಹೆಜ್ಜೆ ಹೆಚ್ಚು ನಡೆಯಿತು. ಟೈಪ್ ಮಾಡುವಾಗ ನನ್ನ ಹೆಬ್ಬೆರಳು ಸ್ಪೇಸ್ ಬಾರನ್ನು ಒಮ್ಮೆ ಹೆಚ್ಚಾಗಿ ಒತ್ತಿತ್ತು, ಅಷ್ಟೆ.

ಕಣ್ಣಿಗೆ ಏನೂ ಅಲ್ಲದ್ದು ಯಂತ್ರಕ್ಕೆ ಏಕೆ ಲೆಕ್ಕಕ್ಕೆ ಬರುತ್ತದೆ? ಇದಕ್ಕೊಂದು ಚರಿತ್ರೆಯಿದೆ. 1928ರಲ್ಲಿ ಐಬಿಎಂ ಕಂಪನಿ 80 ಕಾಲಂಗಳ ರಂಧ್ರಪತ್ರವನ್ನು ತಂದಿತು. ಹೆಸರಿಗೆ 20 ಕಾಲಂ ಮೀಸಲಿಟ್ಟು, ಹೆಸರು ಏಳಕ್ಕೇ ಮುಗಿದರೆ ಉಳಿದ ಹದಿಮೂರು ಖಾಲಿ. ಅಲ್ಲಿ ಖಾಲಿ ಎಂದರೆ ತೂತು ಹೊಡೆಯದ ಜಾಗ. 1957ರ ಫೋರ್ಟ್ರಾನ್ ಭಾಷೆ ಆದೇಶಗಳ ನಡುವಿನ ಖಾಲಿ ಜಾಗವನ್ನು ಗಮನಿಸುತ್ತಲೇ ಇರಲಿಲ್ಲ. 1963ರ ಆಸ್ಕಿ ಸಂಕೇತಪಟ್ಟಿಯಲ್ಲಾದರೋ ಸ್ಪೇಸ್‌ಗೂ ಒಂದು ಸಂಖ್ಯೆ ಸಿಕ್ಕಿತು: 32. ಸಂಖ್ಯೆ ಸಿಕ್ಕ ಮೇಲೆ ಅದೂ ಒಂದು ಅಕ್ಷರವೇ. ಹಾಗಾಗಿ ನನ್ನ ಎರಡು ಬೇಲೂರುಗಳು ಯಂತ್ರದ ಕಣ್ಣಲ್ಲಿ ಎರಡು ಊರುಗಳಾದವು.

ಪರಿಹಾರ ಸುಲಭ. ಪದದ ಎರಡೂ ತುದಿಯ ಖಾಲಿ ಜಾಗವನ್ನು ಕತ್ತರಿಸುವ ಆದೇಶ ಬಹುತೇಕ ಎಲ್ಲ ಭಾಷೆಗಳಲ್ಲೂ ಇದೆ. ಪೈಥಾನ್‌ನಲ್ಲಿ ಅದರ ಹೆಸರು ಸ್ಟ್ರಿಪ್, ಜಾವಾದಲ್ಲಿ ಟ್ರಿಮ್. ಆದರೆ ಯಾವುದು ಖಾಲಿ ಎಂಬುದರಲ್ಲಿ ಇವಕ್ಕೆ ಒಮ್ಮತವಿಲ್ಲ. ಜಾವಾದ ಟ್ರಿಮ್ 32 ಮತ್ತು ಅದಕ್ಕಿಂತ ಕಡಿಮೆ ಸಂಖ್ಯೆಯವನ್ನು ಮಾತ್ರ ಕತ್ತರಿಸುತ್ತದೆ. ಯೂನಿಕೋಡ್‌ನ ಬೇರೆ ಸ್ಪೇಸ್‌ಗಳನ್ನೂ ಅರಿತ ಹೊಸ ಆದೇಶ ಅಲ್ಲಿಗೆ ಬಂದದ್ದು 2018ರಲ್ಲಿ.

ಒಂದು ಬಗ್ ಸರಿಹೋದ ಉತ್ಸಾಹದಲ್ಲಿ ನಾನು ಇನ್ನೊಂದು ಸಾಲು ಸೇರಿಸಿದೆ: ಕಣ್ಣಿಗೆ ಕಾಣದ ಅಕ್ಷರವೆಲ್ಲ ಅಳಿಸಿಹೋಗಲಿ. ಮರುದಿನ ನೋಡಿದರೆ ಟಿಪ್ಪಣಿಯಲ್ಲಿ 'ರೈಸ್‌ರವರು' ಇದ್ದದ್ದು 'ರೈಸ್ರವರು' ಆಗಿತ್ತು. 1886ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಆರಂಭಿಸಿದ ಬಿ. ಎಲ್. ರೈಸ್ ಅವರ ಹೆಸರನ್ನೇ ಕೆಡಿಸಿದ್ದೆ. ಕನ್ನಡದಲ್ಲಿ ವ್ಯಂಜನಗಳು ಒತ್ತಕ್ಷರವಾಗಿ ಕೂಡದಂತೆ ತಡೆಯಲು, ಅಗಲವೇ ಇಲ್ಲದ ಒಂದು ಅಕ್ಷರವನ್ನು ನಡುವೆ ಇಡುತ್ತೇವೆ. ಅದು ಕಾಣುವುದಿಲ್ಲ, ಆದರೆ ಪದದ ರೂಪ ನಿಂತಿರುವುದೇ ಅದರ ಮೇಲೆ.

ಖಾಲಿ ಜಾಗ ಎಂಬುದೇ ಓದುಗರಿಗಾಗಿ ಬಂದದ್ದು. ಪ್ರಾಚೀನ ಲ್ಯಾಟಿನ್ ಹಸ್ತಪ್ರತಿಗಳಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. 7–8ನೇ ಶತಮಾನದ ಹೊತ್ತಿಗೆ ಐರ್ಲೆಂಡಿನ ಲಿಪಿಕಾರರು ನಡುವೆ ತೆರಪು ಬಿಡತೊಡಗಿದರು. ಲ್ಯಾಟಿನ್ ಅವರ ಮನೆಮಾತಾಗಿರಲಿಲ್ಲ, ಪದ ಎಲ್ಲಿ ಮುಗಿಯುತ್ತದೆಂದು ಕಣ್ಣಿಗೆ ತೋರಿಸಬೇಕಿತ್ತು. ನಮ್ಮ ಹಳೆಯ ಶಾಸನಗಳಲ್ಲೂ ಪದಗಳ ನಡುವೆ ತೆರಪು ಬಿಡುವ ರೂಢಿಯಿರಲಿಲ್ಲ. ಅಚ್ಚಿನಲ್ಲಿ ನಾವು ಓದುವ ಪಾಠದ ತೆರಪುಗಳು ಸಂಪಾದಕರು ಇಟ್ಟವು. ಒಂದು ಪದವನ್ನು ಎಲ್ಲಿ ಬಿಡಿಸಬೇಕೆಂದು ವಿದ್ವಾಂಸರು ವಾದಿಸುವುದು ಇದೇ ಕಾರಣಕ್ಕೆ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಸಂಶೋಧನೆಯ ಮೊದಲ ತಿಂಗಳುಗಳಲ್ಲಿ, ಕಲ್ಲು ಒಡೆದು ಅಕ್ಷರ ಹೋದ ಕಡೆ ಚುಕ್ಕಿ ಹಾಕುವ ಬದಲು ನಾನು ಸ್ಪೇಸ್ ಒತ್ತುತ್ತಾ ಹೋಗಿದ್ದೆ. ಹೋದದ್ದು ನಾಲ್ಕು ಅಕ್ಷರವೆಂದು ತೋರಿದರೆ ನಾಲ್ಕು ಸ್ಪೇಸ್. ಅಂಥವು ಹೆಚ್ಚಾಗಿ ಸಾಲಿನ ಕೊನೆಯಲ್ಲೇ, ಕಲ್ಲಿನ ಅಂಚು ಮುರಿದ ಕಡೆ. ಪ್ರತಿ ಸಾಲಿಗೂ ಸ್ಟ್ರಿಪ್ ಹಾಕಿದಾಗ ಅವೆಲ್ಲ ಹೋದವು. ಮುರಿದ ಸಾಲುಗಳು ಪೂರ್ಣ ಸಾಲುಗಳಂತೆ ನಿಂತವು. ಯಾವ ದೋಷಸೂಚನೆಯೂ ಬರಲಿಲ್ಲ. ಒಂದು ದಾನಶಾಸನದಲ್ಲಿ ದಾನಿಯ ಹೆಸರು ಅಲ್ಲಿಗೇ ಮುಗಿಯಿತೆಂದು ನಂಬಿ ಒಂದು ಪುಟ ಬರೆದೂಬಿಟ್ಟಿದ್ದೆ.

ಆ ಪುಟ ತೆಗೆದುಹಾಕಿದೆ. ಈಗ ಊರಿನ ಹೆಸರುಗಳಿಗೆ ಸ್ಟ್ರಿಪ್ ಇದೆ, ಶಾಸನದ ಸಾಲುಗಳಿಗೆ ಇಲ್ಲ. ಒಂದು ಖಾಲಿ ಜಾಗ ನನ್ನ ಹೆಬ್ಬೆರಳಿನದು, ಇನ್ನೊಂದು ಕಲ್ಲಿನದು. ಯಂತ್ರಕ್ಕೆ ಎರಡೂ 32. ಯಾವುದು ಯಾರದು ಎಂದು ಹೇಳಬೇಕಾದವಳು ನಾನೇ. ಅದಕ್ಕಾಗಿ ಮುದ್ರಿತ ಸಂಪುಟಗಳನ್ನು ಮತ್ತೆ ಪಕ್ಕಕ್ಕಿಟ್ಟುಕೊಂಡು, ಕಳೆದುಹೋದ ಒಂದೊಂದು ಅಕ್ಷರಕ್ಕೂ ಒಂದೊಂದು ಚುಕ್ಕಿ ಹಾಕುತ್ತಿದ್ದೇನೆ.