ಶ್ರೀಗಂಧದ ಪರಿಮಳವೂ ಮೂಗಿನ ಗ್ರಾಹಿಗಳೂ: ಸಾರ್ವಜನಿಕರಿಗೆ ಮಾಹಿತಿ

ಬಸವನಗುಡಿಯ ಗಾಂಧಿಬಜಾರಿನಲ್ಲಿ ಮಲ್ಲಿಗೆ, ಸಂಪಿಗೆ, ಊದುಬತ್ತಿ ಮತ್ತು ಹುರಿದ ಕಾಫಿಬೀಜಗಳ ವಾಸನೆಗಳು ಒಂದೇ ಉಸಿರಿನಲ್ಲಿ ಮೂಗನ್ನು ತಲುಪುತ್ತವೆ. ಇವುಗಳನ್ನು ಮೂಗು ಬೇರೆ ಬೇರೆಯಾಗಿ ಗುರುತಿಸುವ ಬಗೆ ಹೇಗೆ, ಮತ್ತು ಬೆಲೆಬಾಳುವ ಶ್ರೀಗಂಧದ ಎಣ್ಣೆಯನ್ನು ಕೊಳ್ಳುವಾಗ ಮೂಗಿನ ತೀರ್ಪನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಬಗ್ಗೆ ಈ ಪುಟದಲ್ಲಿ ಮಾಹಿತಿಯನ್ನು ನೀಡಲಾಗಿದೆ.

ವಾಸನೆಯ ಅಣು

ಯಾವುದೇ ವಸ್ತುವಿನ ವಾಸನೆ ತಿಳಿಯಬೇಕಾದರೆ ಅದರ ಅಣುಗಳು ಗಾಳಿಯಲ್ಲಿ ಬೆರೆತು ಮೂಗಿನೊಳಗೆ ಬರಬೇಕು. ಶ್ರೀಗಂಧದ ಎಣ್ಣೆಯಲ್ಲಿ ಮುಖ್ಯವಾಗಿರುವುದು ಆಲ್ಫಾ ಸ್ಯಾಂಟಲಾಲ್ ಮತ್ತು ಬೀಟಾ ಸ್ಯಾಂಟಲಾಲ್ ಎಂಬ ಎರಡು ಸಂಯುಕ್ತಗಳು. ಎರಡರಲ್ಲಿಯೂ 15 ಇಂಗಾಲ, 24 ಜಲಜನಕ ಮತ್ತು 1 ಆಮ್ಲಜನಕ ಪರಮಾಣುಗಳಿವೆ; ಅವುಗಳ ಜೋಡಣೆ ಮಾತ್ರ ಬೇರೆ. ವಾಸನೆಯ ಅಣುಗಳ ಪೈಕಿ ಇವು ಭಾರವಾದವುಗಳಾದ್ದರಿಂದ ನಿಧಾನವಾಗಿ ಆವಿಯಾಗುತ್ತವೆ. ಮಲ್ಲಿಗೆ ಬಾಡಿದ ಮೇಲೂ ಗಂಧದ ಪರಿಮಳ ಉಳಿದಿರುವುದಕ್ಕೆ ಇದು ಒಂದು ಕಾರಣ.

ರಸಾಯನಶಾಸ್ತ್ರದಲ್ಲಿ ‘ಆರೋಮ್ಯಾಟಿಕ್’ ಎಂಬ ಪದವು ಬೆಂಜೀನ್ ಉಂಗುರವಿರುವ ಸಂಯುಕ್ತಗಳ ವರ್ಗವನ್ನು ಸೂಚಿಸುತ್ತದೆಯೇ ಹೊರತು ಪರಿಮಳವನ್ನಲ್ಲ. ವೆನಿಲಾದ ವೆನಿಲಿನ್ ಹಾಗೂ ಹುರಿದ ಕಾಫಿಯ ಗ್ವಾಯಕಾಲ್ ಈ ವರ್ಗಕ್ಕೆ ಸೇರುತ್ತವೆ. ನಾಡಿಗೆ ಗಂಧದ ಹೆಸರನ್ನು ತಂದ ಸ್ಯಾಂಟಲಾಲ್ ಸೇರುವುದಿಲ್ಲ!

ಗ್ರಾಹಿಯು ಕೆಲಸ ಮಾಡುವ ವಿಧಾನ

ಮೂಗಿನ ಒಳಭಾಗದ ಮೇಲ್ತುದಿಯಲ್ಲಿ ಲೋಳೆಯಿಂದ ಆವೃತವಾದ ಒಂದು ಸಣ್ಣ ಪದರವಿದೆ. ಅದರಲ್ಲಿ ಲಕ್ಷಾಂತರ ಘ್ರಾಣ ನರಕೋಶಗಳಿದ್ದು, ಅವುಗಳ ಕೂದಲಿನಂತಹ ತುದಿಗಳು ಲೋಳೆಯೊಳಗೆ ಚಾಚಿಕೊಂಡಿರುತ್ತವೆ. ಗ್ರಾಹಿಗಳು ಎಂಬ ಪ್ರೋಟೀನುಗಳು ಇರುವುದು ಈ ತುದಿಗಳ ಪೊರೆಯಲ್ಲಿಯೇ. ಪ್ರತಿಯೊಂದು ಗ್ರಾಹಿಯೂ ಪೊರೆಯನ್ನು ಏಳು ಬಾರಿ ಹಾದು ಹೊಲಿಗೆಯಂತೆ ಕೂತಿರುತ್ತದೆ ಮತ್ತು ಅದರ ನಡುವೆ ಒಂದು ಪುಟ್ಟ ಕುಳಿ ಇರುತ್ತದೆ. ಹೊಂದುವ ಅಣುವು ಕುಳಿಯೊಳಗೆ ಕುಳಿತಾಗ ಗ್ರಾಹಿಯ ಆಕಾರವು ತುಸು ಬದಲಾಗುತ್ತದೆ. ಆಗ ಕೋಶದ ಒಳಬದಿಯಲ್ಲಿರುವ ಜಿ-ಪ್ರೋಟೀನು ಚಾಲನೆಗೊಂಡು, ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಹೆಚ್ಚಿ, ಪೊರೆಯ ಬಾಗಿಲುಗಳು ತೆರೆಯುತ್ತವೆ. ಸೋಡಿಯಂ ಮತ್ತು ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗಿ ವಿದ್ಯುತ್ ಸಂಕೇತವು ಮೆದುಳಿನ ಕಡೆಗೆ ಹೊರಡುತ್ತದೆ.

ಈ ಗ್ರಾಹಿಗಳ ವಂಶವಾಹಿಗಳನ್ನು 1991ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರು ಪತ್ತೆ ಮಾಡಿದರು. 2004ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಮಾನವ ಗ್ರಾಹಿಯೊಂದು ವಾಸನೆಯ ಅಣುವನ್ನು ಹಿಡಿದುಕೊಂಡಿರುವ ನಿಖರ ರಚನೆ ಪ್ರಕಟವಾದದ್ದು 2023ರಲ್ಲಿ.

ಮನುಷ್ಯನಲ್ಲಿ ಕೆಲಸ ಮಾಡುವ ಗ್ರಾಹಿಗಳು ಸುಮಾರು 400 ಬಗೆ. ಗುರುತಿಸಬಲ್ಲ ವಾಸನೆಗಳಾದರೋ ಅದಕ್ಕಿಂತ ಬಹಳ ಹೆಚ್ಚು. ಒಂದು ಅಣುವು ಹಲವು ಗ್ರಾಹಿಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಎಚ್ಚರಿಸುತ್ತದೆ, ಒಂದು ಗ್ರಾಹಿಯು ಹಲವು ಅಣುಗಳಿಗೆ ಓಗೊಡುತ್ತದೆ. ಲೆಕ್ಕಪತ್ರದ ಮಾತಿನಲ್ಲಿ ಹೇಳುವುದಾದರೆ, 400 ಖಾತೆಗಳಲ್ಲಿ ಯಾವ ಯಾವ ಖಾತೆಗೆ ಎಷ್ಟೆಷ್ಟು ಜಮೆಯಾಗಿದೆ ಎಂಬ ಪಟ್ಟಿಯನ್ನು ನೋಡಿ ಮೆದುಳು ‘ಇದು ಸಂಪಿಗೆ’ ಎಂದು ನಿರ್ಧರಿಸುತ್ತದೆ.

ಆಕಾರದ ಮಹತ್ವಕ್ಕೆ ಕಾರ್ವೋನ್ ಉತ್ತಮ ಉದಾಹರಣೆ. ಇದರ ಅಣುವಿಗೆ ಎಡಗೈ-ಬಲಗೈಗಳಂತೆ ಒಂದಕ್ಕೊಂದು ಪ್ರತಿಬಿಂಬವಾದ ಎರಡು ರೂಪಗಳಿವೆ. ಒಂದು ರೂಪ ಪುದೀನ ಜಾತಿಯ ಸ್ಪಿಯರ್‌ಮಿಂಟಿನ ವಾಸನೆ ಕೊಟ್ಟರೆ ಇನ್ನೊಂದು ರೂಪ ಸಬ್ಬಸಿಗೆ ಬೀಜದಲ್ಲಿದೆ.

ಎಲ್ಲರ ಮೂಗೂ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ಗ್ವಾಯಕಾಲಿಗೆ ಸ್ಪಂದಿಸುವ ಓಆರ್10ಜಿ4 ಎಂಬ ಗ್ರಾಹಿಯಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಸಣ್ಣ ವ್ಯತ್ಯಾಸಗಳಿದ್ದು, ಅದರಿಂದ ಆ ವಾಸನೆಯ ತೀವ್ರತೆಯೂ ಹಿತವೂ ಬದಲಾಗುತ್ತವೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಒಂದೇ ಡಿಕಾಕ್ಷನ್ ಬಗ್ಗೆ ಮನೆಯಲ್ಲಿ ಇಬ್ಬರು ಜಗಳವಾಡಿದರೆ ಇಬ್ಬರೂ ಸರಿಯಿರಬಹುದು.

ಗಂಧದ ಎಣ್ಣೆಯನ್ನು ಕೊಳ್ಳುವವರ ಗಮನಕ್ಕೆ

ಮೊದಲನೆಯ ಮಹಾಯುದ್ಧದಿಂದಾಗಿ ಗಂಧದ ಮರದ ರಫ್ತು ನಿಂತುಹೋದಾಗ, ಮೈಸೂರು ಸಂಸ್ಥಾನವು 1916ರಲ್ಲಿ ಮೈಸೂರಿನಲ್ಲಿ ಗಂಧದ ಎಣ್ಣೆಯ ಕಾರ್ಖಾನೆಯನ್ನು ಆರಂಭಿಸಿತು. ಇಂದು ಬೆಂಗಳೂರಿನಲ್ಲಿ ಶ್ರೀಗಂಧದ ಸಂಶೋಧನೆಯು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆಯುತ್ತಿದೆ. ಎಣ್ಣೆಯು ದೊರೆಯುವುದು ಮರದ ಚೇಗು ಮತ್ತು ಬೇರಿನಿಂದ; ಚೇಗು ಕಟ್ಟಲು ಅನೇಕ ವರ್ಷಗಳು ಬೇಕು. ಆದ್ದರಿಂದಲೇ ಬೆಲೆ ಹೆಚ್ಚು, ಕಲಬೆರಕೆಯ ಆಸೆಯೂ ಹೆಚ್ಚು.

ಸಾಮಾನ್ಯವಾಗಿ ಗ್ರಾಹಕರು ಸೀಸೆಯ ಬಿರಡೆ ತೆಗೆದು ಮೂಸಿ ನೋಡಿ ತೀರ್ಮಾನಿಸುತ್ತಾರೆ. ಮೇಲೆ ವಿವರಿಸಿದ ಕಾರಣಗಳಿಂದ ಇದು ಸಾಲದು. ಮೊದಲನೆಯದಾಗಿ, ಗ್ರಾಹಿಯು ಅಣುವಿನ ಆಕಾರವನ್ನು ನೋಡುತ್ತದೆ, ಮೂಲವನ್ನಲ್ಲ. ಸ್ಯಾಂಡಲೋರ್, ಜವನಾಲ್ ಮುಂತಾದ ಕೃತಕ ಸಂಯುಕ್ತಗಳು ಮರದಿಂದ ಬಂದವಲ್ಲದಿದ್ದರೂ ಗಂಧದ ವಾಸನೆಯನ್ನೇ ಕೊಡುತ್ತವೆ. ಸುಗಂಧದ್ರವ್ಯಗಳಲ್ಲಿ ಇವುಗಳನ್ನು ಬಳಸುವುದು ತಪ್ಪಲ್ಲ. ‘ಶುದ್ಧ ಶ್ರೀಗಂಧದ ಎಣ್ಣೆ’ ಎಂದು ಹೇಳಿ ಮಾರುವುದು ತಪ್ಪು. ಎರಡನೆಯದಾಗಿ, ವಾಸನೆಯಿಲ್ಲದ ಎಣ್ಣೆಯನ್ನು ಬೆರೆಸಿದರೆ ಅದು ಯಾವ ಗ್ರಾಹಿಯನ್ನೂ ಎಚ್ಚರಿಸುವುದಿಲ್ಲ, ಮೂಗು ಸುಮ್ಮನಿರುತ್ತದೆ. ಅಲ್ಲದೆ ಒಳಬಂದ ಕ್ಯಾಲ್ಸಿಯಂ ಅಯಾನುಗಳೇ ಪೊರೆಯ ಬಾಗಿಲುಗಳ ಸಂವೇದನೆಯನ್ನು ತಗ್ಗಿಸುವುದರಿಂದ, ಊದುಬತ್ತಿ ಅಂಗಡಿಯಲ್ಲಿ ಕೆಲವು ನಿಮಿಷ ನಿಂತವರ ಮೂಗು ಮೊದಲಿನಷ್ಟು ಚುರುಕಾಗಿರುವುದಿಲ್ಲ. ನಾಲ್ಕನೆಯ ಸೀಸೆಯನ್ನು ಮೂಸಿ ಆರಿಸಿದವರಿಗೆ ಇದು ಅನ್ವಯಿಸುತ್ತದೆ.

ಖಚಿತವಾದ ಪರೀಕ್ಷೆಯೆಂದರೆ ಗ್ಯಾಸ್ ಕ್ರೊಮಟೋಗ್ರಫಿ. ಇದರಲ್ಲಿ ಎಣ್ಣೆಯ ಘಟಕಗಳನ್ನು ಬೇರ್ಪಡಿಸಿ ಅಳೆಯಲಾಗುತ್ತದೆ. ಐಎಸ್‌ಓ 3518 ಮಾನಕದ ಪ್ರಕಾರ ಆಲ್ಫಾ ಸ್ಯಾಂಟಲಾಲ್ ಶೇಕಡಾ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇಕಡಾ 16ರಿಂದ 24 ಇರತಕ್ಕದ್ದು. ಮೂಗಿಗೆ ಈ ಅಂಕಿಗಳು ತಿಳಿಯಲಾರವು.

ಆದುದರಿಂದ ಎಣ್ಣೆಯನ್ನು ಕೊಳ್ಳುವಾಗ ರಸೀದಿ ಪಡೆಯುವುದು, ತಯಾರಕರ ಹೆಸರು ಹಾಗೂ ತಂಡದ ಸಂಖ್ಯೆಯನ್ನು ಪರಿಶೀಲಿಸುವುದು, ದುಬಾರಿ ಖರೀದಿಯಾದಲ್ಲಿ ಪ್ರಯೋಗಾಲಯದ ವರದಿಯನ್ನು ಕೇಳುವುದು ಸೂಕ್ತ. ‘ಮೈಸೂರು’ ಹೆಸರಿನಲ್ಲಿ ಮಾರುವ ಗಂಧದ ಎಣ್ಣೆಗೆ ಭೌಗೋಳಿಕ ಸೂಚಿಕೆಯ ನೋಂದಣಿ ಇರುವುದರಿಂದ ಆ ಗುರುತನ್ನೂ ನೋಡಬಹುದು. ದೂರುಗಳಿದ್ದಲ್ಲಿ ರಸೀದಿಯನ್ನು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದಾಗಿದೆ.