ಇಸವಿಯ ಚಪಲ: ಕನ್ನಡದಲ್ಲಿ ‘ಪ್ರಕಟನೆ’ಯ ಓದು

ಹೋದ ಬೇಸಿಗೆ ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗ ನನ್ನ ಕೈಗೆ ಕರಪತ್ರವೊಂದನ್ನು ತುರುಕಿದ. ಏಳು ತಲೆಯ ಮೃಗ, ಅದರ ಹಣೆಯ ಮೇಲೆ ಬಿಸ್ಕತ್ತಿನ ಪೊಟ್ಟಣದ ಮೇಲಿರುತ್ತದಲ್ಲ ಅಂಥ ಬಾರ್‌ಕೋಡ್, ಕೆಳಗೆ ದಪ್ಪಕ್ಷರದಲ್ಲಿ 666. ಈ ಚಿತ್ರ ನನಗೆ ಹಳೆಯ ನೆಂಟ. ಬಾರ್‌ಕೋಡ್ ಆದ ಮೇಲೆ ಎಟಿಎಂ ಕಾರ್ಡು ಬಂತು, ಆಮೇಲೆ ಆಧಾರ್, ಕೊರೊನಾ ಕಾಲದಲ್ಲಿ ಲಸಿಕೆ. ಮೃಗ ಅದೇ, ಅದರ ಕೈಲಿರುವ ಸಾಮಾನು ಮಾತ್ರ ಬದಲಾಗುತ್ತದೆ. ಇತ್ತ ನಮ್ಮ ದೈವಜ್ಞಾನ ಕಾಲೇಜುಗಳಲ್ಲಿ ಈ ಮೃಗ ಬರುವ ‘ಪ್ರಕಟನೆ’ಯನ್ನು, ಬೈಬಲಿನ ಕೊನೆಯ ಪುಸ್ತಕವನ್ನು, ಅಟ್ಟದ ಮೇಲಿನ ಪೆಟ್ಟಿಗೆಯಂತೆ ಇಟ್ಟಿದ್ದಾರೆ. ಪರೀಕ್ಷೆ ಹತ್ತಿರ ಬಂದಾಗ ಎರಡು ತರಗತಿಯಲ್ಲಿ ಮುಗಿಸುತ್ತಾರೆ. ಹೊಸ ಒಡಂಬಡಿಕೆಯನ್ನು ಮೂರು ದಶಕ ಪಾಠ ಹೇಳಿದ ನಾನೂ ಬಹಳ ವರ್ಷ ಹಾಗೇ ಮಾಡಿದವನು.

ಹಿಂದಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ. ದಾನಿಯೇಲನ ನಾಲ್ಕು ಮೃಗಗಳ ಹಿಂದೆ ಕ್ರಿ.ಪೂ. 167ರಲ್ಲಿ ಯೆರೂಸಲೇಮಿನ ದೇವಾಲಯವನ್ನು ಹೊಲೆಗೆಡಿಸಿದ ಅಂತಿಯೋಕಸನಿದ್ದಾನೆ. ಯೋಹಾನ ಪತ್ಮೋಸ್ ದ್ವೀಪದಿಂದ ಏಷ್ಯಾ ಸೀಮೆಯ ಏಳು ಸಭೆಗಳಿಗೆ ಬರೆದದ್ದು ಬಹುಶಃ ರೋಮಿನ ದೊಮಿತಿಯಾನನ ಕೊನೆಗಾಲದಲ್ಲಿ. 666 ಎಂಬುದು ‘ನೇರೋನ್ ಕೈಸರ್’ ಎಂಬ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿಸಿದರೆ ಬರುವ ಮೊತ್ತ. ಕೆಲವು ಹಳೆಯ ಪ್ರತಿಗಳಲ್ಲಿ 616 ಇರುವುದಕ್ಕೂ ಈ ಲೆಕ್ಕವೇ ಸಮಾಧಾನ ಹೇಳುತ್ತದೆ. ‘ಕ್ರಿಸ್ತವಿರೋಧಿ’ ಎಂಬ ಮಾತು ಪ್ರಕಟನೆಯಲ್ಲಿ ಒಮ್ಮೆಯೂ ಬರುವುದಿಲ್ಲ. ಅದಿರುವುದು ಯೋಹಾನನ ಪತ್ರಿಕೆಗಳಲ್ಲಿ, ಅಲ್ಲಿ ಬಹುವಚನದಲ್ಲೂ ಬರುತ್ತದೆ. ಕರಪತ್ರದವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಅಗಸ್ಟಿನ್ ಸಾವಿರ ವರ್ಷದ ರಾಜ್ಯವನ್ನು ಸಭೆಯ ಕಾಲವೆಂದ, ಲೂಥರ್ ಪೋಪರನ್ನೇ ಕ್ರಿಸ್ತವಿರೋಧಿ ಎಂದ, 19ನೆಯ ಶತಮಾನದಲ್ಲಿ ಡಾರ್ಬಿ ಇತಿಹಾಸವನ್ನು ಕಾಲಖಂಡಗಳಾಗಿ ಕತ್ತರಿಸಿದ. ಅವನ ಪಟ್ಟಿಯನ್ನು 1909ರ ಸ್ಕೋಫೀಲ್ಡ್ ಬೈಬಲ್ ಅಡಿಟಿಪ್ಪಣಿಯಾಗಿ ಊರೂರಿಗೆ ಹಂಚಿತು. ನಮ್ಮ ಬಸ್ ನಿಲ್ದಾಣದ ಮೃಗ ಆ ಅಡಿಟಿಪ್ಪಣಿಯ ಮೊಮ್ಮಗು.

ಕನ್ನಡದ ಕಥೆ ಬಳ್ಳಾರಿಯಲ್ಲಿ ತೊಡಗುತ್ತದೆ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದ. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದನ್ನು ತಿದ್ದಿದರು. ಬಾಸೆಲ್ ಮಿಷನ್ನಿನವರ ಬೆನ್ನ ಹಿಂದೆ ಒಂದು ಇಸವಿ ನಿಂತಿತ್ತು ಎಂಬುದನ್ನು ನಮ್ಮ ಚರಿತ್ರಕಾರರು ಮರೆತಂತಿದೆ. ಮೊಗ್ಲಿಂಗ್, ಗುಂಡರ್ಟ್ ಹುಟ್ಟಿಬಂದ ವುರ್ಟೆಂಬರ್ಗಿನ ಭಕ್ತವಲಯಕ್ಕೆ ಬೆಂಗೆಲ್ ಗುರುಸಮಾನ. ಅವನು ಪ್ರಕಟನೆಯ ಅಂಕಿಗಳನ್ನೆಲ್ಲ ಕೂಡಿಸಿ ಕಳೆದು, ಸಾವಿರ ವರ್ಷದ ರಾಜ್ಯ 1836ರಲ್ಲಿ ಶುರುವಾಗುತ್ತದೆಂದು ಲೆಕ್ಕ ಹಾಕಿದ್ದ. 1836 ಬಂತು, ರಾಜ್ಯ ಬರಲಿಲ್ಲ, ಹರ್ಮನ್ ಮೊಗ್ಲಿಂಗ್ ಮಂಗಳೂರಿಗೆ ಬಂದಿಳಿದ. ಏಳು ವರ್ಷದ ಮೇಲೆ ‘ಮಂಗಳೂರ ಸಮಾಚಾರ’ ಹೊರಟಿತು. ತಪ್ಪಿದ ಲೆಕ್ಕಕ್ಕೆ ಕನ್ನಡಿಗರು ಸಾಲಗಾರರು ಎಂದು ನಾನು ತಮಾಷೆಗೆ ಹೇಳುವುದುಂಟು.

ಆದರೆ ಇಸವಿಗಾಗಿ ಕಾದವರು ಬಾಸೆಲಿನವರಷ್ಟೇ ಅಲ್ಲ. ಕೊಡೇಕಲ್ ಬಸವಣ್ಣನ ಕಾಲದಿಂದ ನಮ್ಮಲ್ಲಿ ಕಾಲಜ್ಞಾನದ ಪರಂಪರೆ ಇದೆ; ವೀರ ವಸಂತರಾಯ ಬರುತ್ತಾನೆ, ಕಲ್ಯಾಣ ಮತ್ತೆ ಕಟ್ಟುತ್ತಾನೆ ಎಂಬ ನಂಬಿಕೆ ಇದೆ. 1840ರ ಸುಮಾರಿಗೆ ಹುಬ್ಬಳ್ಳಿ–ಧಾರವಾಡದ ಕಡೆ ಕಾಲಜ್ಞಾನಿ ಪಂಥದ ಕೆಲವರು ಬಾಸೆಲ್ ಮಿಷನರಿಗಳಲ್ಲಿ ತಮ್ಮ ಓಲೆಗರಿಯ ಮಾತು ಫಲಿಸಿತೆಂದು ಕಂಡು ಅವರನ್ನು ಹುಡುಕಿಕೊಂಡು ಬಂದರು. ಗದಗದ ಬಳಿಯ ಮಲಸಮುದ್ರದ ಬೇಸಾಯದ ನೆಲೆಯ ಹಿಂದೆಯೂ ಈ ನಿರೀಕ್ಷೆಯ ನೆರಳಿದೆ. ಎರಡು ಕಾಲಜ್ಞಾನಗಳು ಒಂದೇ ಜಗಲಿಯ ಮೇಲೆ ಎದುರುಬದುರು ಕೂತ ಗಳಿಗೆ ಅದು. ಹೆಚ್ಚು ದಿನ ಬಾಳಲಿಲ್ಲ. ಮಿಷನರಿಗೆ ಬೇಕಾದದ್ದು ಮತಾಂತರ, ಕಾಲಜ್ಞಾನಿಗೆ ಬೇಕಾದದ್ದು ಕಲ್ಯಾಣ. ನನ್ನ ಮಟ್ಟಿಗೆ ಕನ್ನಡದ ಯುಗಾಂತ ವಿಚಾರದಲ್ಲಿ ಇದಕ್ಕಿಂತ ದೊಡ್ಡ ಪ್ರಸಂಗವಿಲ್ಲ, ಆದರೆ ಸಭಾಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ಸಿಕ್ಕುವುದು ಅರ್ಧ ಪುಟ.

ಇನ್ನು ಶಬ್ದಗಳ ಮಾತು. ಕೆಡುಕಿನ ದೊರೆಗೆ ಅನುವಾದಕರು ‘ಕಲಿ’ ಎನ್ನಲಿಲ್ಲ, ‘ಅಸುರ’ ಎನ್ನಲಿಲ್ಲ; ಊರಿನ ಉರ್ದು ಮಾತಿನಲ್ಲಿ ಆಗಲೇ ಓಡಾಡಿಕೊಂಡಿದ್ದ ‘ಸೈತಾನ’ನನ್ನು ಕರೆದು ಕೂರಿಸಿದರು. ಅವನ ಪರಿವಾರಕ್ಕೆ ‘ದೆವ್ವ’ ಎಂದರು. ದೇವ ಶಬ್ದವೇ ತಿರುಗಿಬಿದ್ದು ದೆವ್ವವಾದದ್ದು ಎಂಬುದನ್ನು ನೆನೆದರೆ ಈ ಆಯ್ಕೆಯಲ್ಲಿ ಒಂದು ವ್ಯಂಗ್ಯವಿದೆ. ಕರಾವಳಿಯಲ್ಲಿ ಅದೇ ಶಬ್ದ ಭೂತಗಳ ಮೇಲೂ ಬಿತ್ತು. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು 1890ರ ದಶಕದಲ್ಲಿ ಅಚ್ಚಾದದ್ದು ‘ಪಿಶಾಚಾರಾಧನೆ’ ಎಂಬ ಅರ್ಥದ ಇಂಗ್ಲಿಷ್ ತಲೆಬರಹದಲ್ಲಿ. ಎಲ್ಲಕ್ಕಿಂತ ನನ್ನನ್ನು ಕಾಡಿದ ಶಬ್ದ ಪ್ರಕಟನೆಯ ಹನ್ನೆರಡನೆಯ ಅಧ್ಯಾಯದ ‘ಘಟಸರ್ಪ’. ಗ್ರೀಕಿನ ದ್ರಾಕೋನನಿಗೆ ಕೊಟ್ಟ ಕನ್ನಡ ಹೆಸರು ಅದು. ಹಳೆಯ ನ್ಯಾಯಪದ್ಧತಿಯಲ್ಲಿ ಮಡಕೆಯೊಳಗೆ ಹಾವು ಬಿಟ್ಟು, ಸತ್ಯವಂತನಾದರೆ ಕೈ ಹಾಕು ಎನ್ನುತ್ತಿದ್ದ ದಿವ್ಯಕ್ಕೆ ಘಟಸರ್ಪವೆಂದೇ ಹೆಸರು. ಸತ್ಯವನ್ನು ಒರೆಗೆ ಹಚ್ಚುತ್ತಿದ್ದ ಹಾವು ಬೈಬಲಿಗೆ ಬರುವ ಹೊತ್ತಿಗೆ ಲೋಕವನ್ನೆಲ್ಲ ಮರುಳು ಮಾಡುವ ಸುಳ್ಳುಗಾರನಾಯಿತು. ಈ ಒಂದು ಶಬ್ದದ ಮೇಲೆ ಯಾರಾದರೂ ಪಿಎಚ್.ಡಿ. ಮಾಡಬಹುದಿತ್ತು.

ನನ್ನ ತಲೆಮಾರಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಓದುಗರು ಕ್ಷಮಿಸಬೇಕು. ನಾವು ಓದಲು ಹೋದಾಗ ಬೆಂಗಳೂರಿನಲ್ಲಿ ಗಾಳಿ ಬದಲಾಗಿತ್ತು. ದೇವನಂದನ್ ಮತ್ತು ಎಂ.ಎಂ. ಥಾಮಸ್ 1957ರಲ್ಲಿ ಕಟ್ಟಿದ ಧರ್ಮ–ಸಮಾಜ ಅಧ್ಯಯನ ಸಂಸ್ಥೆ ಧರ್ಮವನ್ನು ಸಮಾಜದ ಜೊತೆ ಓದುವುದನ್ನು ಕಲಿಸಿತ್ತು. 1981ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಜ್ಞಾನದ ಬಗ್ಗೆ ಆಡಿದ ಮಾತಿನಿಂದ ದಲಿತ ದೈವಜ್ಞಾನ ಮೊಳೆಯಿತು. ಹೊರಗೆ ಬಂಡಾಯ ಸಾಹಿತ್ಯ. ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪನವರ ದಲಿತ ಸಂಘರ್ಷ ಸಮಿತಿ. ತುರ್ತುಪರಿಸ್ಥಿತಿಯ ನೆನಪು ಇನ್ನೂ ಹಸಿಯಾಗಿದ್ದಾಗ ಪ್ರಕಟನೆಯ ಹದಿಮೂರನೆಯ ಅಧ್ಯಾಯ ಓದಿದರೆ ಯಾವ ವ್ಯಾಖ್ಯಾನವೂ ಬೇಕಿರಲಿಲ್ಲ. ಮೃಗ ಯಾರು ಎಂಬ ಪ್ರಶ್ನೆ ಬಿಟ್ಟು, ಮೃಗ ಏನು ಕಿತ್ತುಕೊಳ್ಳುತ್ತದೆ ಎಂದು ಕೇಳುವುದನ್ನು ನಾವು ಆಗ ಕಲಿತೆವು. ಹದಿನೆಂಟನೆಯ ಅಧ್ಯಾಯದಲ್ಲಿ ಬಾಬೆಲಿನ ವರ್ತಕರ ಸರಕುಪಟ್ಟಿ ಇದೆ: ಚಿನ್ನ, ಮುತ್ತು, ರೇಷ್ಮೆ, ದಂತ, ದಾಲ್ಚಿನ್ನಿ, ಗೋಧಿ, ದನ, ಕುದುರೆ. ಕೊನೆಯಲ್ಲಿ, ಇನ್ನೊಂದು ಮೂಟೆಯೋ ಎಂಬಂತೆ, ಮನುಷ್ಯರು.

ಇದನ್ನು ನನಗೆ ಕಾಲೇಜಿಗಿಂತ ಚೆನ್ನಾಗಿ ಕಲಿಸಿದ್ದು ಶಿಕಾರಿಪುರ ಸೀಮೆಯ ಒಂದು ಕೇರಿ. ರಾತ್ರಿ ಲಾಟೀನು ಇಟ್ಟುಕೊಂಡು ಕಪ್ಪು ಕುದುರೆಯ ಭಾಗ ಓದುತ್ತಿದ್ದೆವು. ಒಂದು ದಿನಾರಿಗೆ ಒಂದು ಸೇರು ಗೋಧಿ, ಎಣ್ಣೆ ದ್ರಾಕ್ಷಾರಸಗಳನ್ನು ಮುಟ್ಟಬೇಡ ಎಂಬ ದನಿ ಕೇಳುವ ಜಾಗ. ದಿನಾರಿ ಅಂದರೆ ಒಂದು ದಿನದ ಕೂಲಿ ಎಂದೆ. ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಜ್ಜಿ ಕೈ ನಿಲ್ಲಿಸಿ, “ಅಲ್ರೀ ಅಯ್ನೋರೆ, ಕೂಲಿ ಪೂರಾ ಒಂದ್ಸೇರಿಗೇ ಹೋದ್ರೆ ಮಕ್ಳಿಗೇನು? ಎಣ್ಣೆ ಮುಟ್ಬ್ಯಾಡ ಅಂದಿದ್ದು ಸಾಹುಕಾರ್ರ ಮನೇದು ತಾನೆ?” ಎಂದಳು. ನನ್ನ ಬಳಿ ಇದ್ದ ಮೂರು ಇಂಗ್ಲಿಷ್ ವ್ಯಾಖ್ಯಾನಗಳು ಇಷ್ಟನ್ನು ಹೇಳಲು ಎರಡೆರಡು ಪುಟ ತೆಗೆದುಕೊಂಡಿದ್ದವು.

ನಮ್ಮ ಗುಂಪಿನ ಕೊರತೆಯೂ ಇದೆ. ನಾವು ಬರೆದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕನ್ನಡದ ಜಾಗ ಖಾಲಿ ಬಿಟ್ಟೆವು, ಅಲ್ಲಿ ಕರಪತ್ರ ಬೆಳೆಯಿತು. ಬಾಬೆಲನ್ನು ಸೂಳೆಯಾಗಿ ಚಿತ್ರಿಸಿದ್ದು ಹೆಣ್ಣಿನ ಕಿವಿಗೆ ಹೇಗೆ ಕೇಳುತ್ತದೆಂದು ನಾವು ಗಂಡಸರು ಯಾರೂ ಕೇಳಲಿಲ್ಲ. ನೆರೆಮನೆಯ ಗ್ರಂಥಗಳನ್ನಂತೂ ತೆರೆಯಲೇ ಇಲ್ಲ.

ಜೈನರ ಕಲ್ಕಿಯನ್ನೇ ತೆಗೆದುಕೊಳ್ಳಿ. ವೈಷ್ಣವರ ಕಲ್ಕಿ ಉದ್ಧಾರಕ. ಜೈನರಲ್ಲಿ ಅವನು ದುಷ್ಟ ರಾಜ. ಗುಣಭದ್ರನ ಉತ್ತರಪುರಾಣದ ಪ್ರಶಸ್ತಿಯಲ್ಲಿ ಬಂಕಾಪುರ, ಲೋಕಾದಿತ್ಯ, ಶಕ 820 (ಎಂದರೆ 898) ಎಲ್ಲ ಇವೆ. ಆ ಕೃತಿಯಲ್ಲಿ ಪಾಟಲಿಪುತ್ರದ ಚತುರ್ಮುಖ ಕಲ್ಕಿ, ತನ್ನ ಹಿಡಿತಕ್ಕೆ ಸಿಗದವರು ಯಾರಿದ್ದಾರೆಂದು ಕೇಳುತ್ತಾನೆ. ನಿರ್ಗ್ರಂಥ ಮುನಿಗಳೆಂದು ಮಂತ್ರಿಗಳು ಹೇಳಿದಾಗ, ಅವರ ಬೊಗಸೆಗೆ ಬೀಳುವ ಮೊದಲ ತುತ್ತನ್ನೇ ಕಂದಾಯವಾಗಿ ಕಿತ್ತುಕೊಳ್ಳಲು ಆಜ್ಞೆ ಮಾಡುತ್ತಾನೆ. ಗುರುತು ಇಲ್ಲದವನು ಕೊಳ್ಳುವಂತಿಲ್ಲ, ಮಾರುವಂತಿಲ್ಲ ಎನ್ನುವ ಯೋಹಾನನ ಮೃಗದ ಪಕ್ಕದಲ್ಲಿ ಇವನನ್ನು ನಿಲ್ಲಿಸಿ ನೋಡಿ. ಆದರೆ ನಮ್ಮ ವಿದ್ವಾಂಸರು ಇಲ್ಲೂ ‘ಯಾರು’ ಎಂಬುದರ ಹಿಂದೆಯೇ ಓಡಿದರು. ಕೆ.ಬಿ. ಪಾಠಕರು ಕಲ್ಕಿ ಎಂದರೆ ಹೂಣರ ಮಿಹಿರಕುಲ ಎಂದರು. ಸುಮಾರು ಅದೇ ಹೊತ್ತಿಗೆ ಜಯಸ್ವಾಲರು ಮಿಹಿರಕುಲನನ್ನು ಸೋಲಿಸಿದ ಯಶೋಧರ್ಮನೇ ಕಲ್ಕಿ ಎಂದರು. ಬೆಂಗೆಲನ ಚಪಲ ಪಾದ್ರಿಗಳ ಸೊತ್ತಷ್ಟೇ ಅಲ್ಲ.

ಬಂಕಾಪುರವಿದ್ದ ಬನವಾಸಿ ಪನ್ನಿರ್ಚ್ಛಾಸಿರದೊಳಗೇ ನಮ್ಮ ಸೀಮೆಯ ಬಂದಳಿಕೆಯೂ ಇತ್ತು, ಆಗ ಅದು ಬಂದಣಿಕೆ. ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆ ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಈ ತೀರ್ಥಕ್ಕೆ ಬಂದು ಸಲ್ಲೇಖನದಿಂದ ದೇಹ ಬಿಟ್ಟಳು. ಕೊನೆಯ ತುತ್ತನ್ನು ಅವಳು ತಾನಾಗಿಯೇ ಬಿಟ್ಟವಳು. ಈ ಸೀಮೆಯ ಶಾಸನಗಳನ್ನು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. ಅವರ ತಂದೆ ಬೆಂಜಮಿನ್ ರೈಸ್ ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ದುಡಿದ ಪಾದ್ರಿ. ತಂದೆ ಪ್ರಕಟನೆ ತಿದ್ದಿದ, ಮಗ ಬಂದಳಿಕೆಯ ಕಲ್ಲು ಓದಿದ. ಒಂದೇ ಮನೆಯ ಆ ಎರಡು ಕಾಗದದ ಕಟ್ಟುಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚಿದವರು ಮಾತ್ರ ಇಲ್ಲ.

ನಿವೃತ್ತನಾದ ಮೇಲೆ ಒಮ್ಮೆ ಏಳೆಂಟು ವಿದ್ಯಾರ್ಥಿಗಳನ್ನು ಬಂದಳಿಕೆಗೆ ಕರೆದುಕೊಂಡು ಹೋದೆ. ಶಾಂತಿನಾಥ ಬಸದಿಯ ಸುತ್ತ ಒಣಗಿದ ತೇಗದೆಲೆ ಕಾಲಡಿ ಮುರಿಯುತ್ತಿತ್ತು. ದಾನಶಾಸನಗಳ ತಲೆಯಲ್ಲಿ ಸೂರ್ಯ ಚಂದ್ರರನ್ನು ತೋರಿಸಿದೆ: ಇವರಿರುವ ತನಕ ದಾನ ನಡೆಯಲಿ ಎಂದು. ಯೋಹಾನನ ಕೊನೆಯ ಪಟ್ಟಣಕ್ಕೆ ಆ ಇಬ್ಬರ ಬೆಳಕೂ ಬೇಡ. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗುತ್ತಾನೆ ಎಂದು ಇಂಥ ಕಲ್ಲುಗಳ ಕೊನೆಯಲ್ಲಿ ಬರುವ ಶಾಪವನ್ನೂ ವಿವರಿಸಿದೆ. ಪ್ರಕಟನೆಯ ಕೊನೆಯಲ್ಲೂ ಶಾಪಾಶಯ ಬರುತ್ತದೆ, ಈ ಮಾತಿಗೆ ಕೂಡಿಸಿದವನಿಗೆ, ಕಳೆದವನಿಗೆ ಕೇಡು ಎಂದು. ಅದನ್ನೂ ದಾನಶಾಸನದಂತೆ ಓದಬಹುದಲ್ಲ ಎಂದೆ. ಹುಡುಗರು ತಲೆಯಾಡಿಸಿದರು. ಒಬ್ಬ ಮಾತ್ರ ಕಲ್ಲಿನ ಮೇಲೆ ಬೆರಳಾಡಿಸುತ್ತ, “ಸರ್, ಇಂಥದ್ರಲ್ಲಿ ಇಸವಿ ಇರುತ್ತಾ?” ಎಂದು ಕೇಳಿದ.

“ಶಕವರ್ಷ ಇರುತ್ತೆ. 78 ಕೂಡಿಸ್ಕೊ.”

ಅವನು ಫೋನ್ ತೆಗೆದು ಯಾವುದೋ ಶಕಕ್ಕೆ 78 ಕೂಡಿಸಿದ. ಉತ್ತರ ಬಂದ ಮೇಲೂ ಬೆರಳು ನಿಲ್ಲಲಿಲ್ಲ. ಅದಕ್ಕೊಂದು ಸಾವಿರ ಸೇರಿಸಿ, ಏನೋ ಕಳೆದು, ಮತ್ತೆ ನೋಡಿದ.